ಎತ್ತರ ನಿಂತಿತು, ಚಿಕಿತ್ಸೆಯೂ ನಿಲ್ಲಬೇಕೆ?

‘ಬೆಳೆಯುವ ಸಿರಿ ಮೊಳಕೆಯಲ್ಲೇ’ ಎಂಬ ಗಾದೆ ಎಲ್ಲ ಮಕ್ಕಳಿಗೂ ಹೊಂದುವುದಿಲ್ಲ. ಬೆಳವಣಿಗೆಯ ಹಾರ್ಮೋನಿನ ಕೊರತೆ ಇರುವ ಮಗು ಹುಟ್ಟುವಾಗ ಹೆಚ್ಚುಕಡಿಮೆ ಉಳಿದ ಮಕ್ಕಳಷ್ಟೇ ಉದ್ದ ಇರುತ್ತದೆ. ತಾಯಿಯ ಗರ್ಭದಲ್ಲಿ ಬೆಳೆಯಲು ಈ ಹಾರ್ಮೋನಿನ ಹಂಗು ಅಷ್ಟಾಗಿ ಇಲ್ಲ. ವ್ಯತ್ಯಾಸ ಕಾಣುವುದು ಒಂದೆರಡು ವರ್ಷ ಕಳೆದ ಮೇಲೆ. ಹೋದ ಯುಗಾದಿಗೆ ಹೊಲಿಸಿದ ಅಂಗಿ ಈ ಯುಗಾದಿಗೂ ಸರಿಯಾಗಿಯೇ ಕೂರುತ್ತದೆ. ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿ ಮಗು ಪ್ರತಿ ವರ್ಷವೂ ಎಲ್ಲರಿಗಿಂತ ಮುಂದೆಯೇ ನಿಲ್ಲಬೇಕಾಗುತ್ತದೆ. ಎರಡು ವರ್ಷ ಚಿಕ್ಕವನಾದ ತಮ್ಮ ಅಣ್ಣನನ್ನು ಮೀರಿಸುತ್ತಾನೆ. ಆಗ ಮನೆಯವರು ವೈದ್ಯರನ್ನು ಹುಡುಕಿಕೊಂಡು ಹೊರಡುತ್ತಾರೆ.

ರಕ್ತ ಪರೀಕ್ಷೆ, ಮುಂಗೈಯ ಎಕ್ಸ್‌ರೇ, ಮಿದುಳಿನ ಎಂ.ಆರ್.ಐ. ಎಲ್ಲ ಆಗಿ ಕೊರತೆ ಖಚಿತವಾದರೆ ಚಿಕಿತ್ಸೆ ಶುರು. ದಿನವೂ ರಾತ್ರಿ ಮಲಗುವ ಮುನ್ನ ಚರ್ಮದಡಿಗೆ ಒಂದು ಸೂಜಿಮದ್ದು. ಕೆಲವು ತಿಂಗಳಿಗೊಮ್ಮೆ ಮಕ್ಕಳ ತಜ್ಞರಲ್ಲಿ ಎತ್ತರದ ಅಳತೆ. ವರ್ಷಗಳು ಉರುಳಿ ಒಂದು ದಿನ ವೈದ್ಯರು ಎಕ್ಸ್‌ರೇ ನೋಡಿ, ‘ಮೂಳೆಯ ತುದಿಗಳು ಕೂಡಿಕೊಂಡಿವೆ, ಇನ್ನು ಎತ್ತರ ಹೆಚ್ಚುವುದಿಲ್ಲ’ ಎನ್ನುತ್ತಾರೆ. ಮನೆಮಂದಿಯೆಲ್ಲ ನಿಟ್ಟುಸಿರು ಬಿಡುತ್ತಾರೆ. ಹುಡುಗ ಕಾಲೇಜು ಸೇರುತ್ತಾನೆ, ಹಾಸ್ಟೆಲಿಗೆ ಹೋಗುತ್ತಾನೆ. ಮಕ್ಕಳ ಆಸ್ಪತ್ರೆಯ ಮಟ್ಟಿಗೆ ಅವನೀಗ ದೊಡ್ಡವನು. ದೊಡ್ಡವರ ಆಸ್ಪತ್ರೆಯಲ್ಲಿ ಅವನ ಹೆಸರೇ ದಾಖಲಾಗಿಲ್ಲ.

ಇಂಥ ಹುಡುಗ ಹುಡುಗಿಯರು ಕಳೆದುಹೋಗುವುದು ಈ ಎರಡು ಆಸ್ಪತ್ರೆಗಳ ನಡುವಿನ ಖಾಲಿ ಜಾಗದಲ್ಲಿ. ಎತ್ತರ ನಿಂತಿದ್ದು ನಿಜ. ಆದರೆ ಹಾರ್ಮೋನಿನ ಕೆಲಸ ಮುಗಿಯಿತೇ?

ಬಟಾಣಿಯಷ್ಟು ಗ್ರಂಥಿ

ಮಿದುಳಿನ ತಳದಲ್ಲಿ, ಮೂಳೆಯ ಒಂದು ಪುಟ್ಟ ಗುಳಿಯೊಳಗೆ, ಬಟಾಣಿ ಕಾಳಿನ ಗಾತ್ರದ ಪಿಟ್ಯುಟರಿ ಗ್ರಂಥಿ ಕುಳಿತಿದೆ. ತೂಕ ಸುಮಾರು ಅರ್ಧ ಗ್ರಾಂ. ಥೈರಾಯ್ಡ್, ಅಡ್ರಿನಲ್, ಅಂಡಾಶಯ, ವೃಷಣ ಇವೆಲ್ಲ ಇದರ ಅಪ್ಪಣೆಯಂತೆ ನಡೆಯುತ್ತವೆ. ಬೆಳವಣಿಗೆಯ ಹಾರ್ಮೋನು ತಯಾರಾಗುವುದೂ ಇಲ್ಲಿಯೇ. 191 ಅಮೈನೊ ಆಮ್ಲಗಳನ್ನು ಮಣಿಗಳಂತೆ ಪೋಣಿಸಿದ ಪ್ರೋಟೀನು ಇದು. ಇಡೀ ದಿನ ಒಂದೇ ಸಮನೆ ಒಸರುವುದಿಲ್ಲ; ಬಿಟ್ಟು ಬಿಟ್ಟು, ಅಲೆ ಅಲೆಯಾಗಿ ಬರುತ್ತದೆ. ರಾತ್ರಿಯ ಗಾಢನಿದ್ರೆಯಲ್ಲಿ ಅಲೆ ದೊಡ್ಡದು. ಸೂಜಿಮದ್ದನ್ನು ರಾತ್ರಿ ಕೊಡುವುದಕ್ಕೆ ಇದೇ ಕಾರಣ.

ಈ ಹಾರ್ಮೋನು ಯಕೃತ್ತನ್ನು ಪ್ರಚೋದಿಸಿ ಐಜಿಎಫ್-1 ಎಂಬ ಇನ್ನೊಂದು ವಸ್ತುವನ್ನು ಹೊರಡಿಸುತ್ತದೆ. ಇಬ್ಬರೂ ಸೇರಿ ಬಾಲ್ಯದಲ್ಲಿ ಎಲುಬನ್ನು ಉದ್ದ ಮಾಡುತ್ತಾರೆ. ಎಲುಬಿನ ತುದಿ ಕೂಡಿಕೊಂಡ ಮೇಲೆ ಉದ್ದವಾಗುವ ಕೆಲಸ ನಿಂತರೂ ಎಲುಬನ್ನು ಗಟ್ಟಿ ಮಾಡುವ ಕೆಲಸ ಉಳಿದಿರುತ್ತದೆ. ಮನುಷ್ಯನ ಮೂಳೆಯಲ್ಲಿ ಖನಿಜಾಂಶ ಗರಿಷ್ಠ ಮಟ್ಟ ತಲುಪುವುದು 25ರ ಆಸುಪಾಸಿನಲ್ಲಿ. ಮುಂದಿನ ಇಡೀ ಬಾಳು ಖರ್ಚು ಮಾಡುವುದು ಆ ವಯಸ್ಸಿನೊಳಗೆ ಕೂಡಿಟ್ಟ ಗಂಟನ್ನು. ಸ್ನಾಯುಗಳನ್ನು ಬೆಳೆಸುವುದು, ಹೊಟ್ಟೆಯ ಸುತ್ತ ಕೊಬ್ಬು ಸೇರದಂತೆ ತಡೆಯುವುದು, ಕೊಲೆಸ್ಟರಾಲನ್ನು ಹದದಲ್ಲಿಡುವುದು ಕೂಡ ಈ ಹಾರ್ಮೋನಿನ ಕೆಲಸವೇ. ತೀವ್ರ ಕೊರತೆ ಇರುವವರು ಹದಿನೇಳು ಹದಿನೆಂಟಕ್ಕೆ ಚಿಕಿತ್ಸೆ ಬಿಟ್ಟರೆ ಸ್ನಾಯು ಕುಗ್ಗಿ ಕೊಬ್ಬು ಹೆಚ್ಚುತ್ತದೆ, ಮೂಳೆಯ ಗಂಟು ಪೂರ್ತಿ ತುಂಬುವುದಿಲ್ಲ. ಕಾರಣವಿಲ್ಲದ ಸುಸ್ತು, ಯಾವುದರಲ್ಲೂ ಉತ್ಸಾಹವಿಲ್ಲದಿರುವುದು ಹಲವರ ದೂರು. ‘ಮೊದಲಿನ ಹಾಗೆ ಇಲ್ಲ, ಸೋಮಾರಿ ಆಗಿದ್ದಾನೆ’ ಎಂದು ಮನೆಯವರು ಗೊಣಗುತ್ತಾರೆ.

ಅಭಾವದ ಕಾಲದ ರೂಢಿ

ಬೆಳವಣಿಗೆ ನಿಂತೊಡನೆ ಮದ್ದನ್ನೂ ನಿಲ್ಲಿಸುವ ರೂಢಿ ಎಲ್ಲಿಂದ ಬಂತು? ಅದರ ಹಿಂದೆ ಒಂದು ಅಭಾವದ ಕಥೆ ಇದೆ.

ಇನ್ಸುಲಿನ್ನನ್ನು ದನ, ಹಂದಿಗಳ ಮೇದೋಜೀರಕ ಗ್ರಂಥಿಯಿಂದ ತೆಗೆದು ಮನುಷ್ಯರಿಗೆ ಕೊಡಬಹುದಿತ್ತು. ಬೆಳವಣಿಗೆಯ ಹಾರ್ಮೋನು ಹಾಗಲ್ಲ. ದನದ ಹಾರ್ಮೋನು ಮನುಷ್ಯನ ಮೇಲೆ ಕೆಲಸ ಮಾಡದು. 1958ರಲ್ಲಿ ಅಮೆರಿಕದ ಬಾಸ್ಟನ್ನಿನ ವೈದ್ಯ ಮಾರಿಸ್ ರಾಬೆನ್ ಅವರು ಮೃತರ ಪಿಟ್ಯುಟರಿಯಿಂದ ತೆಗೆದ ಹಾರ್ಮೋನನ್ನು ಒಬ್ಬ ಹುಡುಗನಿಗೆ ಕೊಟ್ಟು ಅವನು ಬೆಳೆದುದನ್ನು ವರದಿ ಮಾಡಿದರು. ಅಂದಿನಿಂದ ಸುಮಾರು ಕಾಲು ಶತಮಾನ ಶವಗಳೇ ಈ ಔಷಧಿಯ ಏಕೈಕ ಮೂಲವಾಗಿದ್ದವು. ಒಂದು ಮಗುವಿನ ಚಿಕಿತ್ಸೆಗೆ ಅದೆಷ್ಟೋ ಗ್ರಂಥಿಗಳು ಬೇಕು. ಸಿಗುತ್ತಿದ್ದುದು ಅಷ್ಟಕ್ಕಷ್ಟೇ. ಹೀಗಿರುವಾಗ ಎತ್ತರಕ್ಕೆ ಬಂದ ಒಬ್ಬನಿಗೆ ನಿಲ್ಲಿಸಿ, ಕಾಯುತ್ತಿರುವ ಇನ್ನೊಂದು ಮಗುವಿಗೆ ಕೊಡುವುದೇ ನ್ಯಾಯವಾಗಿತ್ತು.

ರಾಬೆನ್ ಅವರೇ 1962ರಲ್ಲಿ ಇನ್ನೊಂದು ಸಂಗತಿಯನ್ನು ದಾಖಲಿಸಿದ್ದರು. ಪಿಟ್ಯುಟರಿ ಕೆಟ್ಟುಹೋಗಿದ್ದ 35 ವರ್ಷದ ಶಿಕ್ಷಕಿಯೊಬ್ಬರಿಗೆ ಹಾರ್ಮೋನು ಕೊಟ್ಟಾಗ ಎರಡು ತಿಂಗಳಲ್ಲಿ ಅವರ ಚೈತನ್ಯ, ಉತ್ಸಾಹ ಹೆಚ್ಚಿದವು. ದೊಡ್ಡವರಿಗೂ ಇದರಿಂದ ಪ್ರಯೋಜನ ಇದೆ ಎಂಬ ಸುಳಿವು ಅದು. ಆದರೆ ಮಕ್ಕಳಿಗೇ ಸಾಲದ ಔಷಧಿಯನ್ನು ದೊಡ್ಡವರಿಗೆ ಕೊಡುವ ಮಾತು ಆಗ ಏಳುವಂತಿರಲಿಲ್ಲ.

1985ರಲ್ಲಿ ಆಘಾತದ ಸುದ್ದಿ ಬಂತು. ಹಿಂದೆ ಈ ಚಿಕಿತ್ಸೆ ಪಡೆದಿದ್ದ ಕೆಲವು ಯುವಕರು ಕ್ರಾಯ್ಟ್ಸ್‌ಫೆಲ್ಟ್-ಯಾಕೋಬ್ ಎಂಬ, ಮಿದುಳನ್ನು ಕೊಲ್ಲುವ ರೋಗದಿಂದ ಸತ್ತಿದ್ದರು. ಶವದ ಗ್ರಂಥಿಗಳ ಮೂಲಕ ರೋಗ ದಾಟಿ ಬಂದಿತ್ತು. ಫ್ರಾನ್ಸ್ ಒಂದರಲ್ಲೇ ಹೀಗೆ ಸತ್ತವರ ಸಂಖ್ಯೆ ಕಾಲಾಂತರದಲ್ಲಿ 100 ದಾಟಿತು. ಅಮೆರಿಕ, ಬ್ರಿಟನ್ ಎರಡೂ ಆ ಔಷಧಿಯನ್ನು ನಿಲ್ಲಿಸಿದವು. ಅದೇ ವರ್ಷದ ಅಕ್ಟೋಬರಿನಲ್ಲಿ, ವಂಶವಾಹಿ ತಂತ್ರಜ್ಞಾನದಿಂದ ಬ್ಯಾಕ್ಟೀರಿಯಾಗಳಲ್ಲಿ ತಯಾರಿಸಿದ ಹಾರ್ಮೋನಿಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಅಭಾವವೂ ತೀರಿತು, ಆ ರೋಗದ ಭಯವೂ ಹೋಯಿತು.

ನಾಲ್ಕೇ ವರ್ಷಗಳಲ್ಲಿ, 1989ರಲ್ಲಿ, ಲಂಡನ್ ಮತ್ತು ಡೆನ್ಮಾರ್ಕಿನ ವೈದ್ಯರು ವಯಸ್ಕರ ಮೇಲಿನ ಪರೀಕ್ಷೆಗಳ ಫಲಿತಾಂಶ ಪ್ರಕಟಿಸಿದರು. ಕೊಬ್ಬು ಇಳಿದು ಸ್ನಾಯು ಹೆಚ್ಚಿತ್ತು. 1996ರಲ್ಲಿ ಅಮೆರಿಕ ವಯಸ್ಕರ ಚಿಕಿತ್ಸೆಗೂ ಅನುಮತಿ ನೀಡಿತು. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಗೆ ಮಾರ್ಗಸೂಚಿ ಕೊಡುವ ನೈಸ್ ಎಂಬ ಸಂಸ್ಥೆ 2003ರಲ್ಲಿ, ತೀವ್ರ ಕೊರತೆ ಉಳಿದಿರುವ ಯುವಜನರಿಗೆ ಮೂಳೆಯ ಗಂಟು ತುಂಬುವವರೆಗೆ, ಅಂದರೆ ಸುಮಾರು 25ರವರೆಗೆ, ಚಿಕಿತ್ಸೆ ಮುಂದುವರಿಸಬೇಕೆಂದು ಹೇಳಿತು. ಅಭಾವ ಹೋಯಿತು, ಅಭಾವದ ಕಾಲದ ರೂಢಿ ಮಾತ್ರ ಹಲವೆಡೆ ಹಾಗೆಯೇ ಉಳಿಯಿತು.

ಇದ್ದ ಕೊರತೆ ಎಲ್ಲಿ ಹೋಯಿತು?

ಹಾಗೆಂದು ಬಾಲ್ಯದಲ್ಲಿ ಸೂಜಿ ಹಾಕಿಸಿಕೊಂಡವರೆಲ್ಲ ಜೀವಮಾನ ಪೂರ್ತಿ ಹಾಕಿಸಿಕೊಳ್ಳಬೇಕೆಂದಲ್ಲ. ಬೆಳೆದ ಮೇಲೆ ಮತ್ತೆ ಪರೀಕ್ಷಿಸಿದರೆ ಗಣನೀಯ ಪಾಲು ಮಂದಿಯಲ್ಲಿ ಹಾರ್ಮೋನು ಸಾಕಷ್ಟು ಇರುತ್ತದೆ! ಬೇರೆ ಯಾವ ಹಾರ್ಮೋನಿನ ಕೊರತೆಯೂ ಇಲ್ಲದೆ, ಎಂ.ಆರ್.ಐ.ನಲ್ಲಿ ಪಿಟ್ಯುಟರಿ ಸರಿಯಾಗಿಯೇ ಕಾಣುವ ಮಕ್ಕಳಲ್ಲಿ ಹೀಗಾಗುವುದು ಹೆಚ್ಚು.

ಹಾಗಾದರೆ ಮೊದಲಿನ ರೋಗನಿರ್ಣಯ ತಪ್ಪೇ? ಅಷ್ಟು ಸುಲಭವಾಗಿ ಹೇಳುವಂತಿಲ್ಲ. ಈ ಪರೀಕ್ಷೆಗಳು ಸೂಕ್ಷ್ಮ. ಮೈನೆರೆಯುವುದು ತಡವಾದ ಮಕ್ಕಳಲ್ಲಿ, ತೀರ ದಪ್ಪಗಿರುವವರಲ್ಲಿ ಹಾರ್ಮೋನು ಕಡಿಮೆ ಕಾಣಬಹುದು. ಮಕ್ಕಳಲ್ಲಿ ಕೊರತೆ ಎಂದು ಹೇಳಲು ಇಟ್ಟುಕೊಂಡ ಗಡಿಯೂ ದೊಡ್ಡವರ ಗಡಿಗಿಂತ ಮೇಲಿದೆ. ಮಗುವಿಗೆ ಕಡಿಮೆ ಎನಿಸಿದ ಪ್ರಮಾಣ ದೊಡ್ಡವರಿಗೆ ಸಾಕಾಗಬಹುದು.

ಆದ್ದರಿಂದ ವರ್ಷಕ್ಕೆ ಎರಡು ಸೆಂಟಿಮೀಟರಿಗಿಂತ ಕಡಿಮೆ ಬೆಳೆಯತೊಡಗಿದಾಗ ಸೂಜಿಮದ್ದನ್ನು ನಿಲ್ಲಿಸಿ, ಒಂದರಿಂದ ಮೂರು ತಿಂಗಳು ಬಿಟ್ಟು ಮರುಪರೀಕ್ಷೆ ಮಾಡಬೇಕು. ಹಾರ್ಮೋನು ಅಲೆಗಳಾಗಿ ಬರುವುದರಿಂದ ಒಂದು ಸಲ ರಕ್ತ ತೆಗೆದರೆ ಏನೂ ತಿಳಿಯದು. ಬರಿಹೊಟ್ಟೆಯಲ್ಲಿ ಆಸ್ಪತ್ರೆಗೆ ಬಂದವರಿಗೆ ರಕ್ತನಾಳದ ಮೂಲಕ ಇನ್ಸುಲಿನ್ ಕೊಟ್ಟು ರಕ್ತದ ಸಕ್ಕರೆಯನ್ನು ಬೇಕೆಂದೇ 40 ಮಿಲಿಗ್ರಾಮಿಗಿಂತ ಕೆಳಗೆ ಇಳಿಸುತ್ತಾರೆ. ಬೆವರು, ನಡುಕ, ಹಸಿವು ಬರುತ್ತದೆ. ಸಕ್ಕರೆ ಕುಸಿದ ಗಾಬರಿಗೆ ಆರೋಗ್ಯವಂತ ಪಿಟ್ಯುಟರಿ ಹಾರ್ಮೋನು ಸುರಿಸುತ್ತದೆ; ಕೆಟ್ಟ ಪಿಟ್ಯುಟರಿ ಸುಮ್ಮನಿರುತ್ತದೆ. ಆಗಾಗ ರಕ್ತ ತೆಗೆದು ಅಳೆಯುತ್ತಾರೆ. ವೈದ್ಯರು ಪಕ್ಕದಲ್ಲೇ ಇದ್ದು ಮಾಡಬೇಕಾದ ಪರೀಕ್ಷೆ ಇದು. ಮೂರ್ಛೆರೋಗ, ಹೃದ್ರೋಗ ಇರುವವರಿಗೆ ಸಲ್ಲದು. ಅವರಿಗೆ ಗ್ಲುಕಗಾನ್ ಕೊಟ್ಟು ನೋಡುವ ಬೇರೆ ವಿಧಾನವಿದೆ.

ಈ ಪರೀಕ್ಷೆ ಬೇಡದವರೂ ಇದ್ದಾರೆ. ಮೂರು ಅಥವಾ ಹೆಚ್ಚು ಪಿಟ್ಯುಟರಿ ಹಾರ್ಮೋನುಗಳು ಇಲ್ಲದವರು, ವಂಶವಾಹಿಯ ದೋಷ ಖಚಿತವಾದವರು, ಹುಟ್ಟಿನಿಂದಲೇ ಪಿಟ್ಯುಟರಿಯ ತೊಟ್ಟು ತುಂಡಾಗಿರುವವರು ಈ ಗುಂಪಿನವರು. ಇವರಲ್ಲಿ ಕೊರತೆ ಮಾಯವಾಗುವುದಿಲ್ಲ. ಐಜಿಎಫ್-1 ಕಡಿಮೆ ಇದೆ ಎಂದು ಕಂಡರೆ ಸಾಕು. ಬಾಲ್ಯದಲ್ಲಿ ಕ್ಯಾನ್ಸರಿಗಾಗಿ ತಲೆಗೆ ವಿಕಿರಣ ಚಿಕಿತ್ಸೆ ಪಡೆದವರ ಕಥೆ ಇದಕ್ಕೆ ತಿರುಗುಮುರುಗು. ವಿಕಿರಣದ ಪೆಟ್ಟು ನಿಧಾನವಾಗಿ, ವರ್ಷಗಳ ಮೇಲೆ ಕಾಣಿಸಿಕೊಳ್ಳುತ್ತದೆ. ಇಂದು ಸರಿಯಿದ್ದ ಫಲಿತಾಂಶ ಐದು ವರ್ಷಗಳ ಮೇಲೆ ಸರಿಯಿರಬೇಕೆಂದಿಲ್ಲ. ಅವರು ತಪಾಸಣೆಯನ್ನು ಬಿಡುವಂತಿಲ್ಲ.

ಜೀವಕ್ಕೆ ಎರವಾಗುವ ಮರೆವು

ಬೆಳವಣಿಗೆಯ ಹಾರ್ಮೋನು ಒಂದೇ ಇಲ್ಲದಿದ್ದರೆ ತಕ್ಷಣ ಜೀವಕ್ಕೆ ಅಪಾಯವಿಲ್ಲ. ಬ್ರೆಜಿಲ್ ದೇಶದ ಇಟಬಾಯನಿನ್ಯಾ ಎಂಬ ಊರಿನ ಸುತ್ತ, ವಂಶವಾಹಿಯ ಒಂದು ದೋಷದಿಂದ ಈ ಕೊರತೆ ಇರುವ ಹಲವಾರು ಮಂದಿ ಇದ್ದಾರೆ. ಚಿಕಿತ್ಸೆ ಪಡೆಯದ ಹಿರಿಯರ ಎತ್ತರ ನಾಲ್ಕು, ನಾಲ್ಕೂವರೆ ಅಡಿಗಿಂತ ಕಡಿಮೆ. ಆದರೂ ಅವರು ಉಳಿದವರಷ್ಟೇ ಕಾಲ ಬದುಕುತ್ತಾರೆಂದು ಅಧ್ಯಯನಗಳು ತೋರಿಸಿವೆ. ಇದೇ ವಂಶವಾಹಿಯ ಮತ್ತೊಂದು ದೋಷ ಸಿಂಧ್ ಪ್ರಾಂತದಲ್ಲೂ ಭಾರತ, ಶ್ರೀಲಂಕಾಗಳ ಕೆಲವು ಕುಟುಂಬಗಳಲ್ಲೂ ಪತ್ತೆಯಾಗಿದೆ. ಕೊರತೆ ಇರುವವರನ್ನು ‘ರೋಗಿಷ್ಠರು’ ಎಂದು ಮೂಲೆಗೆ ಕೂರಿಸಬೇಕಾಗಿಲ್ಲ ಎಂಬುದಕ್ಕೆ ಇಷ್ಟು ಸಾಕು.

ನಿಜವಾದ ಅಪಾಯ ಪಿಟ್ಯುಟರಿಯ ಹಲವು ಹಾರ್ಮೋನುಗಳು ಇಲ್ಲದವರಿಗೆ. ಅವರಲ್ಲಿ ಅಡ್ರಿನಲ್ ಗ್ರಂಥಿಗೆ ಅಪ್ಪಣೆ ಹೋಗದೆ ಕಾರ್ಟಿಸಾಲ್ ಎಂಬ ಪ್ರಾಣಾಧಾರವಾದ ಹಾರ್ಮೋನು ತಯಾರಾಗುವುದಿಲ್ಲ. ಬದಲಿಗೆ ದಿನವೂ ಹೈಡ್ರೊಕಾರ್ಟಿಸೋನ್ ಮಾತ್ರೆ ನುಂಗಬೇಕು. ಜ್ವರ, ಪೆಟ್ಟು, ಶಸ್ತ್ರಚಿಕಿತ್ಸೆಯ ಹೊತ್ತಿಗೆ ಆರೋಗ್ಯವಂತರ ದೇಹ ತಾನಾಗಿ ಹೆಚ್ಚು ಕಾರ್ಟಿಸಾಲ್ ಸುರಿಸುತ್ತದೆ. ಇವರು ತಾವೇ ಮಾತ್ರೆಯನ್ನು ಎರಡು ಮೂರು ಪಟ್ಟು ಮಾಡಿಕೊಳ್ಳಬೇಕು. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ತಡಮಾಡದೆ ಇಂಜೆಕ್ಷನ್ ಬೇಕು. ಇಲ್ಲದಿದ್ದರೆ ರಕ್ತದೊತ್ತಡ ಕುಸಿದು ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗಬಹುದು.

ಮಗು ಮನೆಯಲ್ಲಿದ್ದಾಗ ಇದನ್ನೆಲ್ಲ ಅಮ್ಮ ನೋಡಿಕೊಳ್ಳುತ್ತಿದ್ದಳು. ಎಷ್ಟು ಮಾತ್ರೆ, ಜ್ವರ ಬಂದರೆ ಎಷ್ಟು, ಎಲ್ಲ ಅವಳ ತಲೆಯಲ್ಲಿತ್ತು. ಹುಡುಗ ದಾವಣಗೆರೆಯ ಹಾಸ್ಟೆಲಿನಲ್ಲೋ, ಪುಣೆಯ ಕಂಪನಿಯ ಪಿ.ಜಿ.ಯಲ್ಲೋ ಇರುವಾಗ ವಾಂತಿಭೇದಿ ಶುರುವಾದರೆ? ಕೋಣೆಯ ಗೆಳೆಯರಿಗೆ ವಿಷಯವೇ ಗೊತ್ತಿಲ್ಲ. ಹತ್ತಿರದ ನರ್ಸಿಂಗ್ ಹೋಮಿನ ವೈದ್ಯರಿಗೆ ಹೇಳುವವರಿಲ್ಲ. ಜೇಬಿನಲ್ಲಿ ‘ನನಗೆ ಹೈಡ್ರೊಕಾರ್ಟಿಸೋನ್ ಬೇಕು’ ಎಂದು ಬರೆದ ಒಂದು ಚೀಟಿ ಇದ್ದರೆ ಜೀವ ಉಳಿದೀತು. ಆ ಚೀಟಿಯನ್ನು ಹದಿನೈದು ಹದಿನಾರರ ವಯಸ್ಸಿನಲ್ಲೇ ಅವನ ಕೈಗೆ ಕೊಟ್ಟು ಕಲಿಸಿರಬೇಕು.

ಇನ್ನೊಂದು ಸೂಕ್ಷ್ಮವಿದೆ. ಬೆಳವಣಿಗೆಯ ಹಾರ್ಮೋನನ್ನು ಮತ್ತೆ ಆರಂಭಿಸಿದಾಗ ಅದುವರೆಗೆ ಮರೆಯಲ್ಲಿದ್ದ ಕಾರ್ಟಿಸಾಲ್ ಅಥವಾ ಥೈರಾಯ್ಡ್ ಕೊರತೆ ಹೊರಬೀಳಬಹುದು. ಒಂದನ್ನು ಕೊಡುವಾಗ ಉಳಿದವನ್ನೂ ಅಳೆಯಬೇಕು.

ಮದುವೆಯ ಮಾತು

ನಮ್ಮಲ್ಲಿ ಚಿಕಿತ್ಸೆ ನಿಂತುಹೋಗಲು ಒಂದು ದೊಡ್ಡ ಕಾರಣ ಮದುವೆ. ‘ಹುಡುಗಿ ದಿನಾ ಸೂಜಿ ಚುಚ್ಚಿಕೊಳ್ಳುತ್ತಾಳೆ ಎಂದು ಗೊತ್ತಾದರೆ ಯಾರು ಮಾಡಿಕೊಳ್ಳುತ್ತಾರೆ?’ ಎಂಬ ಭಯದಿಂದ ಹೆಣ್ಣು ನೋಡುವ ಶಾಸ್ತ್ರಕ್ಕೆ ಮೊದಲೇ ಫ್ರಿಜ್ಜಿನಿಂದ ಔಷಧಿ ಮಾಯವಾಗುತ್ತದೆ. ಮುಚ್ಚಿಟ್ಟು ಮಾಡಿದ ಮದುವೆಯಲ್ಲಿ ಸೊಸೆ ಕದ್ದು ಮಾತ್ರೆ ನುಂಗಬೇಕು, ಇಲ್ಲವೇ ಬಿಡಬೇಕು. ಎರಡೂ ಅಪಾಯವೇ.

ಮಕ್ಕಳಾಗುತ್ತವೆಯೇ ಎಂಬ ಪ್ರಶ್ನೆಯನ್ನು ಮನೆಯವರು ಕೇಳಲು ಸಂಕೋಚಪಡುತ್ತಾರೆ. ಬೆಳವಣಿಗೆಯ ಹಾರ್ಮೋನು ಮಾತ್ರ ಕಡಿಮೆ ಇರುವವರಿಗೆ ಸಾಮಾನ್ಯವಾಗಿ ತೊಂದರೆ ಇಲ್ಲ. ಲೈಂಗಿಕ ಗ್ರಂಥಿಗಳಿಗೆ ಅಪ್ಪಣೆ ಕೊಡುವ ಹಾರ್ಮೋನುಗಳೂ ಇಲ್ಲದಿದ್ದರೆ ಅದಕ್ಕೆ ಬೇರೆ ಚಿಕಿತ್ಸೆ ಇದೆ. ಗಂಡಸರಿಗೆ ಟೆಸ್ಟೊಸ್ಟೆರಾನ್ ಕೊಟ್ಟರೆ ಗಡ್ಡ, ಮೀಸೆ, ದನಿ ಬರುತ್ತವೆ, ವೀರ್ಯಾಣು ತಯಾರಾಗುವುದಿಲ್ಲ. ಅದಕ್ಕೆ ತಿಂಗಳುಗಟ್ಟಲೆ ಬೇರೆ ಸೂಜಿಮದ್ದುಗಳು ಬೇಕು. ಹಲವರು ಹೀಗೆ ತಂದೆಯಾಗಿದ್ದಾರೆ. ಹೆಂಗಸರಿಗೂ ಅಂಡಾಶಯವನ್ನು ಪ್ರಚೋದಿಸುವ ಚಿಕಿತ್ಸೆ ಇದೆ. ಇದನ್ನು ಹೇಳಬೇಕಾದವರು ದೊಡ್ಡವರ ತಜ್ಞರು. ಅವರ ಬಳಿಗೆ ಹೋಗದವರಿಗೆ ತಿಳಿಯುವುದಾದರೂ ಹೇಗೆ?

ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ರೂಢಿ ಇರುವ ಮನೆತನಗಳಲ್ಲಿ ಇನ್ನೂ ಒಂದು ವಿಚಾರವಿದೆ. ಕೊರತೆಯ ಕೆಲವು ಬಗೆಗಳು ತಂದೆ ತಾಯಿ ಇಬ್ಬರಿಂದಲೂ ದೋಷದ ವಂಶವಾಹಿ ಬಂದಾಗಲಷ್ಟೇ ಕಾಣಿಸುತ್ತವೆ. ಹತ್ತಿರದ ಸಂಬಂಧದಲ್ಲಿ ಆ ಸಾಧ್ಯತೆ ಹೆಚ್ಚು. ಮದುವೆಗೆ ಮುಂಚೆ ತಳಿವಿಜ್ಞಾನ ತಜ್ಞರ ಸಲಹೆ ಕೇಳುವುದು ಒಳ್ಳೆಯದು.

ಖರ್ಚಿನ ಲೆಕ್ಕ

‘ಇಷ್ಟು ವರ್ಷ ಸುರಿದದ್ದು ಸಾಲದೆ?’ ಎನ್ನುವ ತಂದೆಯ ಮಾತಿಗೂ ಅರ್ಥವಿದೆ. ಈ ಚಿಕಿತ್ಸೆ ಎಷ್ಟು ದುಬಾರಿ ಎಂಬುದಕ್ಕೆ ಫುಟ್ಬಾಲ್ ಆಟಗಾರ ಲಿಯೊನೆಲ್ ಮೆಸ್ಸಿಯ ಬಾಲ್ಯವೇ ಸಾಕ್ಷಿ. ಅರ್ಜೆಂಟೀನಾದ ರೊಸಾರಿಯೊ ನಗರದ ಆ ಹುಡುಗನಿಗೆ ಈ ಕೊರತೆ ಇತ್ತು. ಔಷಧಿಯ ವೆಚ್ಚ ಮನೆಯವರಿಗೆ ಭಾರವಾಗಿತ್ತು. 2000ದಲ್ಲಿ ಅವನನ್ನು ಕರೆಸಿಕೊಂಡ ಬಾರ್ಸಿಲೋನಾ ಕ್ಲಬ್ ಚಿಕಿತ್ಸೆಯ ಖರ್ಚನ್ನು ವಹಿಸಿಕೊಂಡಿತು. ಎಲ್ಲ ಮಕ್ಕಳಿಗೂ ಅಂಥ ಕ್ಲಬ್ ಸಿಗುವುದಿಲ್ಲ.

ಆದರೆ ಲೆಕ್ಕ ಹಾಕುವಾಗ ಒಂದು ಮಾತು ನೆನಪಿರಲಿ. ಮಕ್ಕಳಿಗೆ ತೂಕದ ಪ್ರಕಾರ, ಕಿಲೋಗೆ ದಿನಕ್ಕೆ 25ರಿಂದ 35 ಮೈಕ್ರೋಗ್ರಾಂ ಕೊಡುತ್ತಾರೆ. 45 ಕಿಲೋ ತೂಕದ ಹುಡುಗನಿಗೆ ದಿನಕ್ಕೆ ಒಂದೂಕಾಲು ಮಿಲಿಗ್ರಾಂ ದಾಟಬಹುದು. ಬೆಳವಣಿಗೆ ನಿಂತ ಯುವಕನಿಗೆ 0.4ರಿಂದ 0.5 ಮಿಲಿಗ್ರಾಮಿನಲ್ಲಿ ಆರಂಭಿಸಿ, ಐಜಿಎಫ್-1 ನೋಡಿಕೊಂಡು ಹೆಚ್ಚುಕಡಿಮೆ ಮಾಡುತ್ತಾರೆ. ಪ್ರಮಾಣ ಅರ್ಧಕ್ಕಿಂತ ಕಡಿಮೆ, ಖರ್ಚೂ ಅದಕ್ಕೆ ತಕ್ಕಂತೆ. ಪ್ರಮಾಣ ಮೀರಿದರೆ ಕೈಕಾಲು ಊದುವುದು, ಕೀಲುನೋವು, ರಕ್ತದಲ್ಲಿ ಸಕ್ಕರೆ ಏರುವುದು ಉಂಟು. ಜಿಮ್ಮುಗಳಲ್ಲಿ ಮೈಕಟ್ಟಿಗೆಂದು ಇದೇ ಮದ್ದನ್ನು ಚುಚ್ಚಿಕೊಳ್ಳುವವರು ಇದನ್ನು ಗಮನಿಸಬೇಕು.

ಭಾರತ ಸರ್ಕಾರ 2021ರಲ್ಲಿ ತಂದ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಲ್ಲಿ, ಖಚಿತವಾದ ಬೆಳವಣಿಗೆ ಹಾರ್ಮೋನು ಕೊರತೆಯ ಚಿಕಿತ್ಸೆಯೂ ಪಟ್ಟಿಯಲ್ಲಿದೆ. ನೀತಿಯಡಿ ಗುರುತಿಸಿದ ಉತ್ಕೃಷ್ಟ ಕೇಂದ್ರಗಳ ಮೂಲಕ ನೆರವು ಕೇಳಬಹುದು. ಬೆಂಗಳೂರಿನಲ್ಲಿ ಮಾನವ ತಳಿವಿಜ್ಞಾನ ಕೇಂದ್ರ ಮತ್ತು ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆ ಸೇರಿ ಅಂಥ ಒಂದು ಕೇಂದ್ರವಾಗಿವೆ.

ಕೈಯಿಂದ ಕೈಗೆ

ಮಕ್ಕಳ ವೈದ್ಯರು ಅಪ್ಪ ಅಮ್ಮನೊಡನೆ ಮಾತಾಡುತ್ತಾರೆ. ದೊಡ್ಡವರ ವೈದ್ಯರು ರೋಗಿಯೊಡನೆಯೇ ಮಾತಾಡುತ್ತಾರೆ. ‘ನಿಮಗೆ ಏನು ತೊಂದರೆ?’ ಎಂದು ಕೇಳಿದಾಗ ಹದಿನೆಂಟರ ಹುಡುಗ ಅಮ್ಮನ ಮುಖ ನೋಡಿದರೆ ಆ ಭೇಟಿ ಅರ್ಧ ವ್ಯರ್ಥ. ಆದ್ದರಿಂದ ತಯಾರಿ ಹದಿನಾಲ್ಕು ಹದಿನೈದಕ್ಕೇ ಶುರುವಾಗಬೇಕು. ಮೊದಲು ಸೂಜಿ ತಾನೇ ಚುಚ್ಚಿಕೊಳ್ಳಲು ಕಲಿಯಲಿ. ಆಮೇಲೆ ತನ್ನ ಕಾಯಿಲೆಯ ಹೆಸರು, ಔಷಧಿಗಳ ಹೆಸರು, ಪ್ರಮಾಣ ಬಾಯಿಪಾಠವಾಗಲಿ. ಭೇಟಿಯ ಹತ್ತು ನಿಮಿಷ ಅಪ್ಪ ಅಮ್ಮ ಹೊರಗೆ ಕುಳಿತಿರಲಿ.

ಹಸ್ತಾಂತರದ ಹೊತ್ತಿಗೆ ಕಡತದಲ್ಲಿ ಇರಬೇಕಾದವು ಇಷ್ಟು: ಮೊದಲ ಪರೀಕ್ಷೆಯ ಅಂಕಿಗಳು, ಎಂ.ಆರ್.ಐ. ವರದಿ, ವರ್ಷವರ್ಷದ ಎತ್ತರ ತೂಕ, ಮರುಪರೀಕ್ಷೆಯ ಫಲಿತಾಂಶ, ಮೂಳೆಯ ಸಾಂದ್ರತೆಯ ವರದಿ, ಉಳಿದ ಹಾರ್ಮೋನುಗಳ ಸ್ಥಿತಿ, ಈಗಿನ ಔಷಧಿಗಳ ಪಟ್ಟಿ. ಮಕ್ಕಳ ತಜ್ಞರು ‘ಇನ್ನು ದೊಡ್ಡವರ ಡಾಕ್ಟರನ್ನು ನೋಡಿ’ ಎಂದಷ್ಟೇ ಹೇಳಿ ಕಳಿಸಬಾರದು. ಯಾವ ನಿರ್ನಾಳ ಗ್ರಂಥಿ ತಜ್ಞರು, ಯಾವ ದಿನ ಎಂದು ಗೊತ್ತು ಮಾಡಿ, ಪತ್ರ ಕೊಟ್ಟು ಕಳಿಸಬೇಕು. ಒಂದೆರಡು ಭೇಟಿಗಳಲ್ಲಿ ಇಬ್ಬರೂ ವೈದ್ಯರು ಒಟ್ಟಿಗೆ ಕುಳಿತರೆ ಇನ್ನೂ ಉತ್ತಮ. ಯುರೋಪಿನ ಮಕ್ಕಳ ನಿರ್ನಾಳ ಗ್ರಂಥಿ ತಜ್ಞರ ಲೆಕ್ಕದಲ್ಲಿ ಈ ದಾಟುವ ಕಾಲ ಒಂದು ದಿನದ್ದಲ್ಲ. ಎತ್ತರ ನಿಂತ ಮೇಲೆ ಆರೇಳು ವರ್ಷದ್ದು.

ಮರುಪರೀಕ್ಷೆಯಲ್ಲಿ ಹಾರ್ಮೋನು ಸಾಕಷ್ಟಿದ್ದರೆ ಸಂತೋಷ. ಸೂಜಿಗೆ ವಿದಾಯ ಹೇಳಬಹುದು. ತೀವ್ರ ಕೊರತೆ ಉಳಿದಿದ್ದರೆ ಮುಂದುವರಿಸುವುದೋ ಬೇಡವೋ ಎಂಬ ತೀರ್ಮಾನ ಆ ಹುಡುಗ ಅಥವಾ ಹುಡುಗಿಯದು. ಬೇಡವೆಂದರೂ ವರ್ಷಕ್ಕೊಮ್ಮೆ ತಪಾಸಣೆಗೆ ಹೋಗುತ್ತಿರಬೇಕು. ಮನಸ್ಸು ಬದಲಾದರೆ ಬಾಗಿಲು ತೆರೆದಿರುತ್ತದೆ. ಪರೀಕ್ಷೆಯನ್ನೇ ಮಾಡಿಸದೆ, ಯಾರನ್ನೂ ಕೇಳದೆ, ಎತ್ತರ ಬಂತಲ್ಲ ಎಂದು ಸುಮ್ಮನಾಗುವುದು ಮಾತ್ರ ಸರಿಯಲ್ಲ. ಇಂಥ ಮಗನೋ ಮಗಳೋ ಇರುವ ಮನೆಯವರು ಹಳೆಯ ಕಡತವನ್ನು ಒಮ್ಮೆ ತೆಗೆದು ನೋಡಲಿ. ಕೊನೆಯ ಭೇಟಿಯ ತಾರೀಖು ಎರಡು ಮೂರು ವರ್ಷ ಹಿಂದಿನದಾಗಿದ್ದರೆ, ಮುಂದಿನ ತಾರೀಖನ್ನು ಈ ವಾರವೇ ಗೊತ್ತು ಮಾಡಿಕೊಳ್ಳುವುದು ಲೇಸು.